ಬಾವಿಯ ನೀರಿನ ಲೆಕ್ಕ

ಬಾವಿಯಿಂದ ಒಂದು ಕೊಡ ನೀರು ಸೇದಿದರೆ ಮಟ್ಟವು ಇಳಿದುದು ಕಣ್ಣಿಗೆ ತೋರುವುದಿಲ್ಲ. ಮನೆಮಂದಿಯೆಲ್ಲ ಸೇರಿ ನೂರು ಕೊಡ ಸೇದಿದರೆ ಗೇಣುದ್ದ ಇಳಿದೀತು. ಮರುದಿನ ಬೆಳಗಾಗುವಷ್ಟರಲ್ಲಿ ಅದೂ ತುಂಬಿಕೊಂಡಿರುತ್ತದೆ. ಸೇದುವ ಬಾವಿಯಲ್ಲಿಯೇ ಒರತೆ ಹೆಚ್ಚೆಂದು ಹಿರಿಯರು ಹೇಳುತ್ತಿದ್ದುದನ್ನು ವಾಚಕರಲ್ಲಿ ಹಲವರು ಕೇಳಿರಬಹುದು. ಏತ, ಕಪಿಲೆಗಳ ಕಾಲದಲ್ಲಿ ಈ ಮಾತನ್ನು ಸುಳ್ಳೆನ್ನಲು ಕಾರಣವಿರಲಿಲ್ಲ. ಎತ್ತುಗಳು ದಣಿದೊಡನೆ ನೀರೆತ್ತುವುದು ನಿಲ್ಲುತ್ತಿತ್ತು. ರಾತ್ರಿಯೆಲ್ಲ ಬಾವಿಗೆ ಬಿಡುವು. ಎಣ್ಣೆಯ ಎಂಜಿನ್ನೂ ವಿದ್ಯುತ್ ಪಂಪೂ ದಣಿಯುವುದಿಲ್ಲ. ಅವು ಬಂದ ಮೇಲೆ ಮನುಷ್ಯನು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕಾಯಿತು: ಬಾವಿಯಿಂದ ಎತ್ತಿದ ಈ ನೀರು ಎಲ್ಲಿಂದ ಬಂದಿತು?

"ನೆಲದೊಳಗಿನಿಂದ" ಎಂಬುದು ಉತ್ತರವಲ್ಲ. ಪೆಟ್ಟಿಗೆಯಿಂದ ಹಣ ತೆಗೆದವನು "ಪೆಟ್ಟಿಗೆಯಿಂದ ಬಂದಿತು" ಎಂದರೆ ಶ್ಯಾನುಭೋಗರು ಒಪ್ಪುವರೆ? ಅದು ಈ ವರ್ಷದ ಜಮೆಯೊ, ಹಳೆಯ ಶಿಲ್ಕೊ, ಅಥವಾ ಬೇರೊಬ್ಬರಿಗೆ ಸಲ್ಲಬೇಕಾಗಿದ್ದ ಹಣವೊ ಎಂದು ಅವರು ಕೇಳಿಯೇ ಕೇಳುತ್ತಾರೆ. ನೀರಿನ ವಿಷಯದಲ್ಲಿ ಈ ಲೆಕ್ಕವನ್ನು ಕೇಳಿ, ಅದಕ್ಕೆ ಗಣಿತದ ಉತ್ತರವನ್ನು ಕೊಟ್ಟವನು ಅಮೆರಿಕದ ಭೂವಿಜ್ಞಾನಿ ಚಾರ್ಲ್ಸ್ ವರ್ನನ್ ಥೈಸ್. ಅವನ ಹೆಸರು ಜನರ ಬಾಯಲ್ಲಿ ಇಲ್ಲ. ಆದರೂ ಪ್ರಪಂಚದ ಬೇರೆ ಬೇರೆ ದೇಶಗಳಲ್ಲಿ ಬಾವಿಗಳ ಪರೀಕ್ಷೆ ನಡೆಸುವವರು ಇಂದಿಗೂ ಮೊದಲು ಕಲಿಯುವುದು ಅವನ ಸಮೀಕರಣವನ್ನೇ.

ಥೈಸನ ಕೆಲಸವನ್ನು ತಿಳಿಯುವುದಕ್ಕೆ ಮುಂಚೆ ಅವನಿಗಿಂತ ಹಿಂದಿನ ಇಬ್ಬರನ್ನು ನೋಡಬೇಕು. ನೆಲದೊಳಗೆ ನದಿಗಳು ಹರಿಯುತ್ತಿವೆಯೆಂಬುದು ಬಹು ಹಳೆಯ ಕಲ್ಪನೆ. ಸುಣ್ಣಕಲ್ಲಿನ ಗುಹೆಗಳಿರುವ ಕೆಲವು ಪ್ರದೇಶಗಳನ್ನು ಬಿಟ್ಟರೆ ಅದು ನಿಜವಲ್ಲ. ಅಂತರ್ಜಲವು ಮರಳು ಜಲ್ಲಿಗಳ ಕಣಗಳ ನಡುವಣ ಸಂದುಗಳಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ತುಂಬಿಕೊಂಡು, ಅತಿ ನಿಧಾನವಾಗಿ ತೆವಳುತ್ತಿರುತ್ತದೆ. ಈ ತೆವಳಿಕೆಯ ನಿಯಮವನ್ನು ಕಂಡುಹಿಡಿದವನು ಫ್ರಾನ್ಸಿನ ಇಂಜಿನಿಯರು ಹೆನ್ರಿ ಡಾರ್ಸಿ. ದಿಜೋನ್ ನಗರಕ್ಕೆ ಕುಡಿಯುವ ನೀರನ್ನು ತಂದುಕೊಟ್ಟ ಈತನು, ಮರಳು ತುಂಬಿದ ನೆಟ್ಟನೆಯ ಕೊಳವೆಯಲ್ಲಿ ನೀರನ್ನು ಹರಿಸಿ ಅಳೆದು, ಅದರ ಫಲವನ್ನು ೧೮೫೬ರಲ್ಲಿ ಪ್ರಕಟಿಸಿದನು. ಮರಳಿನ ಎರಡು ತುದಿಗಳಲ್ಲಿ ನೀರಿನ ಮಟ್ಟಗಳ ಅಂತರವು ಎಷ್ಟು ಹೆಚ್ಚೊ ಹರಿವು ಅಷ್ಟು ಹೆಚ್ಚು. ಮರಳಿನ ಉದ್ದವು ಎಷ್ಟು ಹೆಚ್ಚೊ ಹರಿವು ಅಷ್ಟು ಕಡಮೆ. ನಿಯಮವು ಇಷ್ಟು ಸರಳ.

ಎರಡನೆಯವನು ಜರ್ಮನಿಯ ಗ್ಯುಂಟರ್ ಥೀಮ್. ಬಾವಿಯಿಂದ ನೀರೆತ್ತಿದಾಗ ಸುತ್ತಣ ನೆಲದೊಳಗಿನ ನೀರಿನ ಮಟ್ಟವು ಆಲಿಕೆಯ ಆಕಾರದಲ್ಲಿ ತಗ್ಗಾಗುತ್ತದೆ. ಬಾವಿಯ ಬಳಿ ತಗ್ಗು ಆಳ. ದೂರ ಹೋದಂತೆಲ್ಲ ತೆಳು. ಥೀಮನು ಡಾರ್ಸಿಯ ನಿಯಮವನ್ನು ಈ ಆಲಿಕೆಗೆ ಅನ್ವಯಿಸಿ ೧೯೦೬ರಲ್ಲಿ ಒಂದು ಸೂತ್ರವನ್ನು ಕೊಟ್ಟನು. ಹತ್ತಿರದ ಎರಡು ಬಾವಿಗಳಲ್ಲಿ ಮಟ್ಟವನ್ನು ಅಳೆದು, ಸ್ತರವು ನೀರನ್ನು ಎಷ್ಟು ಸುಲಭವಾಗಿ ಸಾಗಿಸುತ್ತದೆಂಬುದನ್ನು ಅದರಿಂದ ಲೆಕ್ಕ ಹಾಕಬಹುದಾಗಿತ್ತು. ಆದರೆ ಅದರ ಬುಡದಲ್ಲಿ ಒಂದು ಊಹೆಯಿತ್ತು. ಸ್ವಲ್ಪ ಕಾಲ ಪಂಪು ಮಾಡಿದ ಮೇಲೆ ಮಟ್ಟವು ಇಳಿಯುವುದು ನಿಲ್ಲುತ್ತದೆ, ಎತ್ತಿದಷ್ಟು ನೀರು ಸುತ್ತಲಿಂದ ಬಂದು ಸೇರುತ್ತಿರುತ್ತದೆ ಎಂಬುದೇ ಆ ಊಹೆ. ಕಾಲದ ಹೆಸರೇ ಆ ಸೂತ್ರದಲ್ಲಿಲ್ಲ! ಇಂದು ಪಂಪು ಮಾಡಿದರೂ ಹತ್ತು ವರ್ಷ ಪಂಪು ಮಾಡಿದರೂ ಅದರ ಉತ್ತರ ಒಂದೇ.

೧೯೩೧ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಲೀಲ್ಯಾಂಡ್ ವೆನ್ಜೆಲ್ ಎಂಬಾತನು ನೆಬ್ರಾಸ್ಕ ರಾಜ್ಯದ ಗ್ರ್ಯಾಂಡ್ ಐಲೆಂಡ್ ಊರಿನ ಬಳಿ ಈ ಸೂತ್ರವನ್ನು ಪರೀಕ್ಷಿಸಿದನು. ಒಂದು ಬಾವಿಯಿಂದ ನೀರೆತ್ತುತ್ತ, ಸುತ್ತಲೂ ತೋಡಿದ ಅನೇಕ ವೀಕ್ಷಣಾ ಬಾವಿಗಳಲ್ಲಿ ಮಟ್ಟವನ್ನು ಬಹು ಶ್ರದ್ಧೆಯಿಂದ ಅಳೆದನು. ಆ ಅಳತೆಗಳೇ ಮುಂದೆ ಥೈಸನ ಕೈಗೆ ಬಂದುವು.

ಥೈಸನು ಹುಟ್ಟಿದುದು ೧೯೦೦ರ ಮಾರ್ಚ್ ೨೭ರಂದು, ಕೆಂಟಕಿ ರಾಜ್ಯದ ನ್ಯೂಪೋರ್ಟಿನಲ್ಲಿ. ಆ ಊರಿಗೂ ಸಿನ್ಸಿನಾಟಿ ನಗರಕ್ಕೂ ನಡುವೆ ಓಹಿಯೊ ನದಿಯೊಂದೇ ಅಡ್ಡ. ಸಿನ್ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ ಅವನು ಮೊದಲು ಕಲಿತುದು ಸಿವಿಲ್ ಇಂಜಿನಿಯರಿಂಗ್. ಅನಂತರ ಭೂವಿಜ್ಞಾನಕ್ಕೆ ತಿರುಗಿ ೧೯೨೯ರಲ್ಲಿ ಅದರಲ್ಲಿ ಡಾಕ್ಟರೇಟ್ ಪಡೆದನು. ಈ ಎರಡು ಓದುಗಳ ಕೂಟ ಮುಂದೆ ಬಹಳ ಪ್ರಯೋಜನಕ್ಕೆ ಬಂದಿತು. ಭೂವಿಜ್ಞಾನಿಗೆ ಶಿಲೆಯ ಪರಿಚಯವಿರುತ್ತದೆ, ಗಣಿತದ ಅಂಜಿಕೆಯೂ ಇರುತ್ತದೆ. ಇಂಜಿನಿಯರಿಗೆ ಗಣಿತ ಗೊತ್ತು, ಆದರೆ ಶಿಲೆಯು ಪಾಠಪುಸ್ತಕದಂತೆ ನಡೆಯಬೇಕೆಂದು ಅವನು ಬಯಸುತ್ತಾನೆ. ೧೯೩೦ರಲ್ಲಿ ಥೈಸನು ಸರ್ವೇಕ್ಷಣ ಇಲಾಖೆಯನ್ನು ಸೇರಿದನು. ಸ್ವಲ್ಪದರಲ್ಲಿಯೇ ಅವನನ್ನು ನ್ಯೂ ಮೆಕ್ಸಿಕೊ ರಾಜ್ಯಕ್ಕೆ ಕಳುಹಿಸಲಾಯಿತು. ಅವನ ಜೀವಮಾನದ ಹೆಚ್ಚಿನ ಕೆಲಸ ನಡೆದುದು ಅಲ್ಲಿಯೇ.

ನ್ಯೂ ಮೆಕ್ಸಿಕೊ ಒಣ ನಾಡು. ಅದರ ಪೂರ್ವಭಾಗದಲ್ಲಿ ಪೋರ್ಟಾಲೆಸ್ ಎಂಬ ಊರಿನ ಸುತ್ತ ವರ್ಷದ ಮಳೆ ಇಪ್ಪತ್ತು ಅಂಗುಲಕ್ಕೂ ಕಡಮೆ. ಅಲ್ಲಿನ ರೈತರು ನೆಲದೊಳಗಿನ ಮರಳು ಜಲ್ಲಿಗಳಿಂದ ಪಂಪಿನಲ್ಲಿ ನೀರೆತ್ತಿ ವ್ಯವಸಾಯ ಮಾಡುತ್ತಿದ್ದರು. ಒಬ್ಬನ ಪಂಪಿನಿಂದ ಮತ್ತೊಬ್ಬನ ಬಾವಿಗೆ ಕುಂದುಂಟೆ? ಇಷ್ಟು ಬಾವಿಗಳಿರುವ ಕಡೆ ಇನ್ನಷ್ಟು ತೋಡಲು ಅಪ್ಪಣೆ ಕೊಡಬಹುದೆ? ಇಪ್ಪತ್ತು ವರ್ಷಗಳ ಮೇಲೆ ಮಟ್ಟವು ಎಲ್ಲಿರುತ್ತದೆ? ೧೯೩೧ರ ಕಾನೂನಿನಂತೆ ನ್ಯೂ ಮೆಕ್ಸಿಕೊದಲ್ಲಿ ಅಂತರ್ಜಲದ ಹಕ್ಕನ್ನು ಹಂಚುವ ಹೊಣೆ ರಾಜ್ಯದ ಮುಖ್ಯ ಇಂಜಿನಿಯರನದಾಗಿತ್ತು. ಆದುದರಿಂದ ಇವು ಬರಿಯ ಕುತೂಹಲದ ಪ್ರಶ್ನೆಗಳಲ್ಲ, ಹೊಲಮನೆಗಳ ಅಳಿವು ಉಳಿವಿನ ಪ್ರಶ್ನೆಗಳು. ಕಾಲವನ್ನೇ ಅರಿಯದ ಥೀಮನ ಸೂತ್ರವು ಇಲ್ಲಿ ಏನು ಹೇಳೀತು?

ಥೈಸನ ಆಲೋಚನೆಯು ಹೀಗೆ ಸಾಗಿತು. ನೀರು ಮಟ್ಟ ಹೆಚ್ಚಿರುವ ಕಡೆಯಿಂದ ಕಡಮೆಯಿರುವ ಕಡೆಗೆ ಹರಿಯುತ್ತದೆ. ಉಷ್ಣವೂ ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುತ್ತದೆ. ಡಾರ್ಸಿಯ ನಿಯಮವೂ, ಉಷ್ಣವಹನವನ್ನು ಕುರಿತು ಫ್ರೆಂಚ್ ಗಣಿತಜ್ಞ ಫೂರ್ಯೇ ೧೮೨೨ರಲ್ಲಿ ಪ್ರಕಟಿಸಿದ ನಿಯಮವೂ ಅವಳಿ ಮಕ್ಕಳಂತೆ ಒಂದೇ ರೂಪದವು. ಇಷ್ಟನ್ನು ಇತರರೂ ಕಂಡಿದ್ದರು. ಥೈಸನು ಒಂದು ಹೆಜ್ಜೆ ಮುಂದೆ ಹೋದನು. ಕಾದ ಲೋಹವು ಉಷ್ಣವನ್ನು ಸಾಗಿಸುವುದು ಮಾತ್ರವಲ್ಲ, ತನ್ನಲ್ಲಿ ಕೂಡಿಟ್ಟುಕೊಂಡೂ ಇರುತ್ತದೆ. ಅದರ ಉಷ್ಣತೆ ಒಂದು ಡಿಗ್ರಿ ಇಳಿದರೆ ಇಷ್ಟೇ ಉಷ್ಣವು ಹೊರಬರುತ್ತದೆಂದು ಗೊತ್ತಾದ ಲೆಕ್ಕವಿದೆ. ನೀರಿನ ಸ್ತರವೂ ಹಾಗೆಯೇ ಅಲ್ಲವೆ? ಅದರ ಮಟ್ಟವು ಒಂದು ಅಡಿ ಇಳಿದರೆ ಇಷ್ಟೇ ನೀರು ಬಿಡುಗಡೆಯಾಗಬೇಕು. ಹಾಗಾದರೆ ಬಾವಿಗೆ ಬರುವ ನೀರು ಮೊದಮೊದಲು ಬರುವುದು ದೂರದ ಯಾವುದೋ ಮೂಲದಿಂದಲ್ಲ. ಸುತ್ತಣ ಸ್ತರದ ಶಿಲ್ಕಿನಿಂದ. ಶಿಲ್ಕಿನಿಂದ ತೆಗೆಯುವವರೆಗೆ ಮಟ್ಟವು ಇಳಿಯಲೇಬೇಕು. ತಗ್ಗು ಬೆಳೆಯುತ್ತಲೇ ಹೋಗಬೇಕು.

ವಾಚಕರು ಒಂದು ದೊಡ್ಡ ಕಾವಲಿಯನ್ನು ಊಹಿಸಿಕೊಳ್ಳಲಿ. ಅದನ್ನು ಎಲ್ಲೆಡೆಯೂ ಸಮನಾಗಿ ಕಾಯಿಸಿ ಒಲೆಯಿಂದ ಇಳಿಸಿದೆ. ಸುತ್ತಣ ಗಾಳಿಗೆ ಅದರ ಶಾಖ ಸೋರದಂತೆ ಕಟ್ಟುಮಾಡಿದೆ ಎನ್ನೋಣ. ಈಗ ಅದರ ನಟ್ಟನಡುವೆ ಒಂದು ಸಣ್ಣ ಕಡ್ಡಿಯಿಂದ ಶಾಖವನ್ನು ಸಮವೇಗದಲ್ಲಿ ಹೀರತೊಡಗಿದರೆ, ಮೊದಲು ನಡುವು ತಣ್ಣಗಾಗುತ್ತದೆ. ಅಲ್ಲಿಂದ ತಂಪು ಅಂಚಿನ ಕಡೆಗೆ ಹರಡುತ್ತ ಹೋಗುತ್ತದೆ. ಕಾವಲಿ ಎಷ್ಟು ದೊಡ್ಡದಾದರೂ ತಂಪು ಒಂದೆಡೆ ನಿಂತುಬಿಡುವುದಿಲ್ಲ. ಕಾವಲಿಯೆಂದರೆ ನೀರಿನ ಸ್ತರ, ಕಡ್ಡಿಯೆಂದರೆ ಬಾವಿ.

ಭೌತಿಕ ಚಿತ್ರವು ಸ್ಪಷ್ಟವಾಯಿತು. ಆದರೆ ಅದನ್ನು ಸಮೀಕರಣವಾಗಿ ಬಿಡಿಸುವಷ್ಟು ಗಣಿತ ಥೈಸನಿಗೆ ಕೈಗೂಡಿರಲಿಲ್ಲ. ಆಗ ಅವನು ಸಿನ್ಸಿನಾಟಿಯಲ್ಲಿ ಗಣಿತದ ಅಧ್ಯಾಪಕನಾಗಿದ್ದ ತನ್ನ ಮಿತ್ರ ಕ್ಲ್ಯಾರೆನ್ಸ್ ಲೂಬಿನ್‌ಗೆ ಒಂದು ಪತ್ರ ಬರೆದನು. ಅದರಲ್ಲಿ ಬಾವಿಯ ಪ್ರಶ್ನೆಯನ್ನು ಉಷ್ಣದ ಪ್ರಶ್ನೆಯನ್ನಾಗಿ ಮಾರ್ಪಡಿಸಿ ಕೇಳಿದ್ದನು. ಲೂಬಿನ್ ಉತ್ತರವನ್ನು ಕಳುಹಿಸಿದನು. ಕಾರ್ಸ್‌ಲಾ ಎಂಬ ಗಣಿತಜ್ಞನು ಉಷ್ಣವಹನದ ಮೇಲೆ ಬರೆದ ಗ್ರಂಥದಲ್ಲಿ ಅದಕ್ಕೆ ಬೇಕಾದ ಸಾಧನವೆಲ್ಲ ಇದ್ದಿತು. ಥೈಸನು ಲೇಖನಕ್ಕೆ ಇಬ್ಬರ ಹೆಸರನ್ನೂ ಹಾಕೋಣವೆಂದರೆ, ಗಣಿತದ ದೃಷ್ಟಿಯಿಂದ ಇದು ಹೆಚ್ಚಿನದೇನಲ್ಲವೆಂದು ಲೂಬಿನ್ ಒಪ್ಪಲಿಲ್ಲ. ಗಣಿತಜ್ಞನಿಗೆ ಅದು ಹಳೆಯ ಉದಾಹರಣೆ. ಬಾವಿಯನ್ನು ತಿಳಿದವನಿಗೆ ಮಾತ್ರ ಅದು ಹೊಸ ಬೆಳಕು. ಯಾವ ಪ್ರಶ್ನೆಯನ್ನು ಯಾರಲ್ಲಿ ಕೇಳಬೇಕೆಂಬುದನ್ನು ಅರಿತಿದ್ದುದೂ ಥೈಸನ ವಿದ್ವತ್ತಿನ ಒಂದು ಭಾಗವೇ ಎಂದು ನನಗೆ ತೋರುತ್ತದೆ. ಲೇಖನವು ೧೯೩೫ರಲ್ಲಿ ಅಮೆರಿಕದ ಭೂಭೌತ ಸಂಘದ ವರದಿಗಳಲ್ಲಿ ಅಚ್ಚಾಯಿತು.

ಆ ಸಮೀಕರಣದಲ್ಲಿ ಸ್ತರದ ಎರಡು ಗುಣಗಳು ಬರುತ್ತವೆ. ಒಂದು, ಸ್ತರವು ನೀರನ್ನು ಸಾಗಿಸುವ ಶಕ್ತಿ. ಇದನ್ನು ವಹನ ಗುಣಾಂಕವೆನ್ನೋಣ. ಮತ್ತೊಂದು, ಮಟ್ಟವು ಇಳಿದಾಗ ಸ್ತರವು ಬಿಟ್ಟುಕೊಡುವ ನೀರಿನ ಪ್ರಮಾಣ. ಇದು ಸಂಗ್ರಹ ಗುಣಾಂಕ. ಇವುಗಳ ಜೊತೆಗೆ ಎತ್ತುವ ನೀರಿನ ಮೊತ್ತ, ಬಾವಿಯಿಂದ ಇರುವ ದೂರ, ಎತ್ತಲು ಆರಂಭಿಸಿ ಕಳೆದ ಕಾಲ ಇಷ್ಟನ್ನು ಕೊಟ್ಟರೆ ಯಾವ ಸ್ಥಳದಲ್ಲಿ ಯಾವ ದಿನ ಮಟ್ಟವು ಎಷ್ಟು ಇಳಿದಿರುತ್ತದೆಂಬುದು ದೊರೆಯುತ್ತದೆ.

ಇದರಿಂದ ಹೊರಡುವ ಫಲಗಳಲ್ಲಿ ಕೆಲವು ಆಶ್ಚರ್ಯಕರವಾದುವು. ತಗ್ಗು ಹರಡುವ ದೂರವು ಕಾಲದ ವರ್ಗಮೂಲವನ್ನು ಅನುಸರಿಸುತ್ತದೆ. ಬಾವಿಯ ಪ್ರಭಾವವು ಒಂದು ದಿನದಲ್ಲಿ ನೂರು ಮೀಟರು ಮುಟ್ಟಿದರೆ, ಇನ್ನೂರು ಮೀಟರು ಮುಟ್ಟಲು ನಾಲ್ಕು ದಿನ ಬೇಕು. ಸಾವಿರ ಮೀಟರಿಗೆ ನೂರು ದಿನ. ಅದಕ್ಕಿಂತ ವಿಚಿತ್ರವಾದುದು, ಈ ವೇಗಕ್ಕೂ ಪಂಪಿನ ಗಾತ್ರಕ್ಕೂ ಸಂಬಂಧವಿಲ್ಲ. ದೊಡ್ಡ ಪಂಪಿನ ತಗ್ಗು ಆಳವಾಗಿರುತ್ತದೆ, ಸಣ್ಣ ಪಂಪಿನದು ತೆಳುವಾಗಿರುತ್ತದೆ, ಅಷ್ಟೆ. ಹರಡುವುದು ಎರಡೂ ಒಂದೇ ವೇಗದಲ್ಲಿ. ವೇಗವನ್ನು ನಿರ್ಧರಿಸುವುದು ಸ್ತರದ ಗುಣಗಳು ಮಾತ್ರ. ಬಯಲಾದ ಮರಳಿನ ಸ್ತರದಲ್ಲಿ ಮಟ್ಟವಿಳಿದರೆ ಸಂದುಗಳೇ ಬರಿದಾಗಿ ನೀರು ಸುರಿಯುತ್ತದೆ. ಅಲ್ಲಿ ಸಂಗ್ರಹ ಗುಣಾಂಕವು ೦.೨ರಷ್ಟು ಇರಬಹುದು. ಮೇಲೆ ಕೆಳಗೆ ಜೇಡಿಯ ಪದರಗಳ ನಡುವೆ ಒತ್ತಡದಲ್ಲಿ ಸಿಕ್ಕಿದ ಸ್ತರದಲ್ಲಿ ಸಂದುಗಳು ಬರಿದಾಗುವುದಿಲ್ಲ. ಒತ್ತಡವು ಇಳಿದಾಗ ನೀರು ಕೊಂಚ ಹಿಗ್ಗಿ ಸ್ತರವು ಕೊಂಚ ಕುಗ್ಗಿ ಅಲ್ಪಸ್ವಲ್ಪ ನೀರು ಹೊರಬರುತ್ತದೆ. ಅಲ್ಲಿ ಗುಣಾಂಕವು ೦.೦೦೦೨ ಇದ್ದರೆ, ಉಳಿದುದೆಲ್ಲ ಸಮನಾಗಿರುವಾಗ, ತಗ್ಗು ಅಷ್ಟೇ ಕಾಲದಲ್ಲಿ ಸುಮಾರು ೩೨ ಪಟ್ಟು ದೂರ ಹರಡುತ್ತದೆ. ಶಿಲ್ಕು ಕಡಮೆಯಾದವನು ಹೆಚ್ಚು ಮನೆಗಳ ಬಾಗಿಲು ತಟ್ಟಬೇಕಾಗುತ್ತದೆ!

ಮಟ್ಟವು "ನಿಂತಿತು" ಎಂಬ ಭ್ರಮೆಯು ಹೇಗೆ ಹುಟ್ಟಿತೆಂಬುದೂ ಇಲ್ಲಿ ತಿಳಿಯುತ್ತದೆ. ಒಂದು ಲೆಕ್ಕವನ್ನು ಮಾಡೋಣ. ಬಾವಿಯಿಂದ ದಿನಕ್ಕೆ ೫೦೦ ಘನ ಮೀಟರು ನೀರೆತ್ತುತ್ತೇವೆ. ಸ್ತರದ ವಹನ ಗುಣಾಂಕವು ದಿನಕ್ಕೆ ೧೦೦ ಚದರ ಮೀಟರು ಎಂದಿಟ್ಟುಕೊಳ್ಳೋಣ. ಆಗ ಬಾವಿಯ ಸಮೀಪದಲ್ಲಿ ಮೊದಲನೆಯ ದಿನದ ಕೊನೆಯಿಂದ ಹತ್ತನೆಯ ದಿನದ ಕೊನೆಯವರೆಗೆ ಮಟ್ಟವು ಸುಮಾರು ೯೨ ಸೆಂಟಿಮೀಟರು ಇಳಿಯುತ್ತದೆ. ಹತ್ತನೆಯ ದಿನದಿಂದ ನೂರನೆಯ ದಿನದವರೆಗೆ ಇಳಿಯುವುದೂ ೯೨ ಸೆಂಟಿಮೀಟರೇ. ನೂರರಿಂದ ಸಾವಿರದವರೆಗೂ ಅಷ್ಟೇ. ಎಂದರೆ ಮೊದಲ ಅವಧಿಯಲ್ಲಿ ಸರಾಸರಿ ದಿನಕ್ಕೆ ಹತ್ತು ಸೆಂಟಿಮೀಟರು, ಎರಡನೆಯದರಲ್ಲಿ ಒಂದು ಸೆಂಟಿಮೀಟರು, ಮೂರನೆಯದರಲ್ಲಿ ಒಂದು ಮಿಲಿಮೀಟರು. ದಿನಕ್ಕೆ ಒಂದು ಮಿಲಿಮೀಟರು ಇಳಿಯುವುದನ್ನು ಯಾವ ರೈತನು ಹಗ್ಗದಲ್ಲಿ ಅಳೆದು ಕಂಡಾನು? "ನಮ್ಮ ಬಾವಿ ಈಗ ನಿಂತಿದೆ" ಎಂದೇ ಅವನು ಹೇಳುತ್ತಾನೆ. ಅವನು ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟರಲ್ಲಿ ತಗ್ಗಿನ ಅಂಚು ಅವನ ಹೊಲವನ್ನು ದಾಟಿ ನೆರೆಯವನ ಹೊಲವನ್ನು ಹೊಕ್ಕಿರುತ್ತದೆ. ಎರಡು ಬಾವಿಗಳ ತಗ್ಗುಗಳು ಸೇರಿದ ಕಡೆ ಎರಡರ ಇಳಿತವೂ ಕೂಡುತ್ತದೆ.

ಥೈಸನು ತನ್ನ ಸಮೀಕರಣವನ್ನು ವೆನ್ಜೆಲ್ ಅಳೆದ ಅಂಕಿಗಳೊಡನೆ ಹೋಲಿಸಿ ನೋಡಿದನು, ಹೊಂದಿಕೆಯಾಯಿತು. ಆದರೂ ಎಲ್ಲರೂ ಕೂಡಲೆ ಒಪ್ಪಲಿಲ್ಲ. ಉಷ್ಣದ ಸೂತ್ರವನ್ನು ನೀರಿಗೆ ಎರವಲು ತರಬಹುದೆ ಎಂಬ ಸಂದೇಹ ಕೆಲವರಿಗೆ ಉಳಿದೇ ಇದ್ದಿತು. ೧೯೪೦ರಲ್ಲಿ ಸಿ. ಇ. ಜೇಕಬ್ ಎಂಬ ಸಹೋದ್ಯೋಗಿಯು ಉಷ್ಣದ ಹೋಲಿಕೆಯನ್ನು ಬಿಟ್ಟು, ದ್ರವಗಳ ಚಲನೆಯ ಮೂಲತತ್ತ್ವಗಳಿಂದಲೇ ಹೊರಟು ಅದೇ ಸಮೀಕರಣವನ್ನು ತಲಪಿದ ಮೇಲೆ ಆ ಸಂದೇಹಕ್ಕೆ ಆಸ್ಪದ ಉಳಿಯಲಿಲ್ಲ.

ಅದೇ ೧೯೪೦ರಲ್ಲಿ ಥೈಸನು ಇಂಜಿನಿಯರುಗಳ ಒಂದು ಪತ್ರಿಕೆಯಲ್ಲಿ ಮತ್ತೊಂದು ಲೇಖನವನ್ನು ಬರೆದನು. ಮೊದಲನೆಯದು ಗಣಿತಕ್ಕೆ ಪ್ರಸಿದ್ಧವಾದರೆ, ಇದರಲ್ಲಿ ಗಣಿತವು ಕಡಮೆ. ಆದರೆ ನನ್ನ ಮಟ್ಟಿಗೆ ಇದೇ ಹೆಚ್ಚು ಮುಖ್ಯವಾದುದು. ಬಾವಿಯ ನೀರು ಎಲ್ಲಿಂದ ಬರುತ್ತದೆಂಬುದೇ ಅದರ ವಿಷಯ.

ಮನುಷ್ಯನು ಬಾವಿ ತೋಡುವುದಕ್ಕೆ ಮುಂಚೆ ಸ್ತರದ ಜಮಾಖರ್ಚು ಸರಿಸಮನಾಗಿರುತ್ತದೆ. ಮಳೆಯಿಂದ ಇಂಗಿದುದು ಜಮೆ. ಊಟೆಗಳಲ್ಲಿ ಒಸರಿ ಹೋಗುವುದು, ಹೊಳೆಗೆ ಸೋರುವುದು, ಆಳಕ್ಕೆ ಬೇರುಬಿಟ್ಟ ಮರಗಳು ಹೀರುವುದು ಇವು ಖರ್ಚು. ಇವೆರಡೂ ಸಮವಾಗಿರುವುದರಿಂದಲೇ ಮಟ್ಟವು ವರ್ಷದಿಂದ ವರ್ಷಕ್ಕೆ ಹೆಚ್ಚು ಕಡಮೆ ಒಂದೇ ಎತ್ತರದಲ್ಲಿರುತ್ತದೆ. ಈಗ ಪಂಪು ಬಂದಿತು. ಒಂದು ಹೊಸ ಖರ್ಚು ಸೇರಿತು. ಅದಕ್ಕೆ ಸರಿದೂಗಲು ಮೂರೇ ದಾರಿಗಳು. ಜಮೆಯು ಹೆಚ್ಚಬೇಕು, ಇಲ್ಲವೆ ಹಳೆಯ ಖರ್ಚುಗಳಲ್ಲಿ ಯಾವುದಾದರೂ ಕಡಿಮೆಯಾಗಬೇಕು, ಇವೆರಡೂ ಆಗದಿದ್ದರೆ ಶಿಲ್ಕು ಕರಗಬೇಕು. ನಾಲ್ಕನೆಯ ದಾರಿಯಿಲ್ಲ. ಮೊದಲಿಗೆ ಕರಗುವುದು ಶಿಲ್ಕು. ತಗ್ಗು ಹರಡುತ್ತ ಹೋಗಿ ಒಂದು ಹೊಳೆಯನ್ನೊ ಊಟೆಯನ್ನೊ ಮುಟ್ಟಿದಾಗ, ಅಲ್ಲಿಗೆ ಹೋಗಬೇಕಾಗಿದ್ದ ನೀರು ಬಾವಿಯ ಕಡೆಗೆ ತಿರುಗುತ್ತದೆ. ಕಳೆದುಹೋದ ಊಟೆಯ ನೀರು ಬಾವಿಗೆ ಸಿಕ್ಕಿದ "ಲಾಭ"!

ವರ್ಷದಲ್ಲಿ ಎಷ್ಟು ಮಳೆನೀರು ಇಂಗುತ್ತದೊ ಅಷ್ಟನ್ನು ಎತ್ತಿದರೆ ಯಾವ ತೊಂದರೆಯೂ ಇಲ್ಲವೆಂದು ಇಂದಿಗೂ ಓದಿದವರೇ ಹೇಳುವುದುಂಟು. ಥೈಸನ ಲೆಕ್ಕದ ಮುಂದೆ ಈ ಮಾತು ನಿಲ್ಲುವುದಿಲ್ಲ. ಇಂಗಿದ ನೀರಿಗೆ ಮೊದಲೇ ವಾರಸುದಾರರಿದ್ದಾರೆ: ಹೊಳೆ, ಊಟೆ, ಮರ. ಪೂರ್ತಿ ಜಮೆಯನ್ನು ಪಂಪಿಗೆ ಸಲ್ಲಿಸಿದರೆ ಅವರಿಗೆ ಏನೂ ಉಳಿಯದು.

ಶಿಲ್ಕು ಕರಗುವ ಉದಾಹರಣೆಗೆ ಥೈಸನು ದೂರ ಹೋಗಬೇಕಾಗಿರಲಿಲ್ಲ. ನ್ಯೂ ಮೆಕ್ಸಿಕೊದ ಪೂರ್ವದಿಂದ ಟೆಕ್ಸಸ್ಸಿನೊಳಕ್ಕೆ ಒಂದು ಎತ್ತರದ ಬಯಲು ಹಬ್ಬಿದೆ. ಅದರ ಕೆಳಗೆ ಇರುವುದು ಓಗಲಾಲ ಎಂಬ ದೊಡ್ಡ ಜಲಸ್ತರ. ರಾಕಿ ಪರ್ವತಗಳ ಹಿಮವು ಕರಗಿ ನೆಲದೊಳಗೆ ಹರಿದು ಇಲ್ಲಿಗೆ ಬರುತ್ತದೆ, ಆದುದರಿಂದ ಈ ನೀರಿಗೆ ಕೊನೆಯಿಲ್ಲ ಎಂಬ ನಂಬಿಕೆ ಅಲ್ಲಿ ಪ್ರಚಾರದಲ್ಲಿತ್ತು. ವಾಸ್ತವವಾಗಿ ಪೇಕೋಸ್ ಮೊದಲಾದ ನದಿಗಳು ಕಣಿವೆಗಳನ್ನು ಕೊರೆದು ಆ ಬಯಲನ್ನು ಪರ್ವತಗಳಿಂದ ಎಂದೋ ಕತ್ತರಿಸಿಬಿಟ್ಟಿವೆ. ಅಲ್ಲಿಗೆ ಜಮೆಯಾಗುವುದು ಅಲ್ಲಿಯೇ ಬಿದ್ದ ಮಳೆಯಲ್ಲಿ ಇಂಗಿದಷ್ಟು ಮಾತ್ರ. ಥೈಸನು ೧೯೩೭ರಲ್ಲಿ ಅದನ್ನು ಲೆಕ್ಕ ಹಾಕಿದನು. ಅದು ವರ್ಷಕ್ಕೆ ಒಂದು ಅಂಗುಲಕ್ಕೂ ಕಡಮೆಯೆಂದು ಕಂಡುಬಂದಿತು. ಅಲ್ಲಿ ನೀರೆತ್ತುವುದೆಂದರೆ ಗಣಿಯಿಂದ ಅದಿರನ್ನು ತೆಗೆದಂತೆಯೇ. ಮುಂದಣ ದಶಕಗಳಲ್ಲಿ ಟೆಕ್ಸಸ್ಸಿನ ಕೆಲವು ಭಾಗಗಳಲ್ಲಿ ಓಗಲಾಲದ ಮಟ್ಟವು ನೂರು ಅಡಿಗಿಂತಲೂ ಹೆಚ್ಚು ಇಳಿಯಿತು.

೧೯೪೧ರಲ್ಲಿ ಅವನು ನದಿಯ ದಡದ ಬಾವಿಯನ್ನು ಕುರಿತು ಬರೆದನು. ಅಂತಹ ಬಾವಿಯ ನೀರಿನಲ್ಲಿ ಎಷ್ಟು ಪಾಲು ನದಿಯದು, ಎಷ್ಟು ಕಾಲದ ಮೇಲೆ ಆ ಪಾಲು ಎಷ್ಟಕ್ಕೆ ಏರುತ್ತದೆ ಎಂಬ ಲೆಕ್ಕವದು. ಇದರ ಫಲವು ವಿಜ್ಞಾನದ ಪತ್ರಿಕೆಗಳನ್ನು ದಾಟಿ ನ್ಯಾಯಾಲಯವನ್ನು ತಲಪಿತು. ರಿಯೊ ಗ್ರ್ಯಾಂಡ್ ನದಿಯ ನೀರು ಪೂರ್ತಿಯಾಗಿ ಹಂಚಿಹೋಗಿತ್ತು. ಅದರ ದಡದ ಅಲ್ಬುಕರ್ಕಿ ನಗರವು ಬಾವಿಗಳಿಂದ ನೀರೆತ್ತುತ್ತಿತ್ತು. ನಗರವು ಹೊಸ ಬಾವಿಗಳನ್ನು ತೋಡುವುದಾದರೆ, ಅವು ನದಿಯಿಂದ ಸೆಳೆಯುವಷ್ಟು ನೀರಿನ ಹಕ್ಕನ್ನು ಬಿಟ್ಟುಕೊಡಬೇಕೆಂದು ರಾಜ್ಯದ ಇಂಜಿನಿಯರನಾಗಿದ್ದ ಸ್ಟೀವ್ ರೆನಾಲ್ಡ್ಸ್ ಪಟ್ಟುಹಿಡಿದನು. ೧೯೫೬ರಲ್ಲಿ ಆ ಕಣಿವೆಯ ಅಂತರ್ಜಲವನ್ನು ಅವನು ತನ್ನ ಅಧಿಕಾರಕ್ಕೆ ಒಳಪಡಿಸಿದ್ದನು. ನಗರವು ದಾವೆ ಹೂಡಿತು. ೧೯೬೨ರಲ್ಲಿ ನ್ಯೂ ಮೆಕ್ಸಿಕೊದ ಪರಮೋಚ್ಚ ನ್ಯಾಯಾಲಯವು ಇಂಜಿನಿಯರನ ಪಕ್ಷವನ್ನೇ ಎತ್ತಿಹಿಡಿಯಿತು. ಬಾವಿಯ ನೀರೂ ಹೊಳೆಯ ನೀರೂ ಒಂದೇ ನೀರೆಂಬುದು ಹೀಗೆ ಕಾನೂನಿನ ಮಾತಾಯಿತು.

ಈ ಮಾತನ್ನು ಓದುವಾಗ ಕನ್ನಡಿಗನಿಗೆ ನೆನಪಾಗುವುದು ಅರ್ಕಾವತಿ. ನಂದಿಬೆಟ್ಟದ ಪ್ರಾಂತದಲ್ಲಿ ಹುಟ್ಟುವ ಈ ಹೊಳೆಗೆ ೧೯೩೦ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟನ್ನು ಕಟ್ಟಿ ಬೆಂಗಳೂರಿಗೆ ನೀರು ತಂದರು. ಕಾಲಕ್ರಮದಲ್ಲಿ ಜಲಾಶಯಕ್ಕೆ ಬರುವ ನೀರು ಬಹುವಾಗಿ ತಗ್ಗಿತು. ಮಳೆ ಕಡಮೆಯಾಯಿತೆಂದು ಕೆಲವರೆಂದರು, ಬಿಸಿಲು ಹೆಚ್ಚಿತೆಂದು ಕೆಲವರು, ಮೇಲ್ಗಡೆ ಕಟ್ಟಿದ ಒಡ್ಡುಗಳೇ ಕಾರಣವೆಂದು ಮತ್ತೆ ಕೆಲವರು. ಈ ಕಾರಣಗಳನ್ನೆಲ್ಲ ಒಂದೊಂದಾಗಿ ಒರೆಹಚ್ಚಿ ನೋಡಿದ ಒಂದು ಅಧ್ಯಯನವು ೨೦೧೫ರಲ್ಲಿ ಪ್ರಕಟವಾಯಿತು. ಮಳೆಯಲ್ಲಿಯಾಗಲಿ ಉಷ್ಣತೆಯಲ್ಲಿಯಾಗಲಿ ಹೊಳೆಯು ಬತ್ತುವಷ್ಟು ಬದಲಾವಣೆ ಕಾಣಲಿಲ್ಲ. ಅಂತರ್ಜಲವನ್ನು ಎತ್ತಿದುದೂ ನೀಲಗಿರಿ ಮರಗಳ ತೋಪುಗಳೂ ಮುಖ್ಯ ಕಾರಣಗಳಾಗಿರುವ ಸಂಭವವೇ ಹೆಚ್ಚೆಂದು ಅದು ತೀರ್ಮಾನಿಸಿತು. ಥೈಸನ ಮಾತಿನಲ್ಲಿ ಹೇಳುವುದಾದರೆ, ಬಾವಿಯೂ ಬೇರೂ ಹೊಸ ಖರ್ಚುಗಳು. ಕಡಿತವಾದ ಹಳೆಯ ಖರ್ಚು ಹೊಳೆ.

ನಮ್ಮ ಪೂರ್ವದ ಜಿಲ್ಲೆಗಳ ಕಷ್ಟಕ್ಕೆ ಇನ್ನೊಂದು ಕಾರಣವಿದೆ. ಕೋಲಾರ, ಚಿಕ್ಕಬಳ್ಳಾಪುರಗಳ ಕೆಳಗಿರುವುದು ಮರಳಲ್ಲ, ಗಟ್ಟಿಯಾದ ಗ್ರಾನೈಟು ಮತ್ತು ನೈಸ್ ಬಂಡೆ. ಮೇಲ್ಗಡೆ ಶಿಥಿಲವಾದ ಪದರದಲ್ಲಿಯೂ ಅದರ ಕೆಳಗಣ ಬಿರುಕುಗಳಲ್ಲಿಯೂ ಮಾತ್ರ ನೀರಿಗೆ ಎಡೆ. ಅಂತಹ ಬಂಡೆಯ ಸಂಗ್ರಹವು ನೂರಕ್ಕೆ ಎರಡು ಪಾಲು ಎಂದಿಟ್ಟುಕೊಂಡರೆ, ಒಂದು ಹೆಕ್ಟೇರಿನ ಕೆಳಗೆ ಮ‌ಟ್ಟವು ಒಂದು ಮೀಟರು ಇಳಿದಾಗ ದೊರೆಯುವುದು ಕೇವಲ ೨೦೦ ಘನ ಮೀಟರು ನೀರು. ಆ ಹೆಕ್ಟೇರಿನಲ್ಲಿ ಬತ್ತವನ್ನೊ ಕಬ್ಬನ್ನೊ ಬೆಳೆದು ಒಟ್ಟು ಒಂದು ಮೀಟರು ಆಳದಷ್ಟು ನೀರು ಹಾಯಿಸಿದರೆ ಅದು ೧೦,೦೦೦ ಘನ ಮೀಟರಾಗುತ್ತದೆ. ಸ್ವಲ್ಪ ಭಾಗ ಮತ್ತೆ ಇಂಗುತ್ತದೆ, ನಿಜ. ಅದನ್ನು ಗಣಿಸದಿದ್ದರೆ, ಈ ನೀರಿಗಾಗಿ ಐವತ್ತು ಹೆಕ್ಟೇರುಗಳ ಕೆಳಗೆ ಮಟ್ಟವು ಒಂದು ಮೀಟರು ಇಳಿಯಬೇಕು. ಒಬ್ಬನ ಗದ್ದೆಯ ಹಸುರಿನ ಹಿಂದೆ ಎಷ್ಟು ಜನರ ಶಿಲ್ಕು ಇದೆ, ನೋಡಿ! ಹಳೆಯ ತೋಡುಬಾವಿಗಳು ಮೊದಲು ಬತ್ತಿದುದೂ, ಕೊಳವೆ ಬಾವಿಗಳು ಸಾವಿರ ಅಡಿಯನ್ನು ದಾಟಿ ಇಳಿದುದೂ ಈ ಲೆಕ್ಕದಿಂದಲೇ.

ಥೈಸನ ಕಡೆಗೆ ಮತ್ತೆ ತಿರುಗೋಣ. ಎರಡನೆಯ ಮಹಾಯುದ್ಧದ ಅನಂತರ ಅವನಿಗೆ ಹೊಸದೊಂದು ಪ್ರಶ್ನೆ ಎದುರಾಯಿತು. ಅಣುಶಕ್ತಿಯ ಸ್ಥಾವರಗಳಿಂದ ವಿಕಿರಣಶೀಲ ತ್ಯಾಜ್ಯವು ಹೊರಬೀಳತೊಡಗಿತ್ತು. ಅದು ನೆಲವನ್ನು ಹೊಕ್ಕರೆ ನೀರಿನೊಡನೆ ಎಷ್ಟು ದೂರ, ಎಷ್ಟು ಬೇಗ ಸಾಗೀತು? ಮಟ್ಟದ ಇಳಿತವನ್ನು ಕಂಡುಹಿಡಿಯಲು ಸ್ತರವು ಎಲ್ಲೆಡೆಯೂ ಒಂದೇ ಬಗೆಯದೆಂದು ಊಹಿಸಿದರೆ ಸಾಕಾಗಿತ್ತು. ಏಕೆಂದರೆ ಮಟ್ಟವು ಬಹು ದೊಡ್ಡ ಪ್ರದೇಶದ ಸರಾಸರಿಯನ್ನು ತೋರುತ್ತದೆ. ವಿಷದ ಒಂದು ಹನಿಯ ದಾರಿಯು ಸರಾಸರಿಯಲ್ಲ. ಅದು ಜಲ್ಲಿಯ ಎಳೆಯೊಂದನ್ನು ಹಿಡಿದರೆ ಬಹು ಬೇಗ ಸಾಗುತ್ತದೆ. ಜೇಡಿಯಲ್ಲಿ ಸಿಕ್ಕಿದರೆ ನಿಂತುಬಿಡುತ್ತದೆ. ಒಂದೇ ಬಗೆಯ ಸ್ತರವೆಂಬ ಆದರ್ಶವು ಈ ಕೆಲಸಕ್ಕೆ ಸಾಲದೆಂದು, ನಿಜವಾದ ಸ್ತರಗಳ ವೈವಿಧ್ಯವನ್ನು ಗಣನೆಗೆ ತಂದುಕೊಳ್ಳಬೇಕೆಂದು ಅವನು ೧೯೬೭ರ ಒಂದು ಪ್ರಬಂಧದಲ್ಲಿ ವಾದಿಸಿದನು. ಅಂತಹ ಆದರ್ಶ ಸ್ತರದ ಮೇಲೆಯೇ ತನ್ನ ಕೀರ್ತಿಯನ್ನು ಕಟ್ಟಿದ ಮನುಷ್ಯನು ಅರುವತ್ತೇಳನೆಯ ವಯಸ್ಸಿನಲ್ಲಿ ಹೇಳಿದ ಮಾತಿದು. ಅವನು ತೀರಿಕೊಂಡುದು ೧೯೮೭ರಲ್ಲಿ, ಅಲ್ಬುಕರ್ಕಿಯಲ್ಲಿ.

ಅವನ ವಿಧಾನವನ್ನು ನೋಡಬಯಸುವ ವಿದ್ಯಾರ್ಥಿಗಳು ಭೂವಿಜ್ಞಾನಿಗಳು ಕೊಳವೆ ಬಾವಿಯನ್ನು ಪರೀಕ್ಷಿಸುವ ಕಡೆ ಹೋಗಿ ನಿಂತರೆ ಸಾಕು. ಪಂಪು ಚಾಲೂ ಆದೊಡನೆ ಒಬ್ಬನು ಗಡಿಯಾರವನ್ನು ಹಿಡಿದಿರುತ್ತಾನೆ, ಮತ್ತೊಬ್ಬನು ಹತ್ತಿರದ ಬಾವಿಯಲ್ಲಿ ಅಳತೆಪಟ್ಟಿಯನ್ನು ಇಳಿಬಿಟ್ಟಿರುತ್ತಾನೆ. ಮೊದಲು ನಿಮಿಷಕ್ಕೊಂದು ಅಳತೆ, ಅನಂತರ ಹತ್ತು ನಿಮಿಷಕ್ಕೆ, ಆಮೇಲೆ ಗಂಟೆಗೊಂದು. ಈ ಅಳತೆಗಳನ್ನು ಲಘುಗಣಕದ ನಕ್ಷೆಯ ಮೇಲೆ ಗುರುತಿಸಿ, ಥೈಸನ ಸಮೀಕರಣದಿಂದ ಬರೆದ ಆದರ್ಶ ರೇಖೆಯನ್ನು ಅದರ ಮೇಲೆ ಇಟ್ಟು ಸರಿಸುತ್ತಾರೆ. ಎರಡೂ ಒಂದರ ಮೇಲೊಂದು ಕುಳಿತ ಕಡೆ ಸ್ತರದ ಎರಡು ಗುಣಾಂಕಗಳನ್ನು ಓದಿಕೊಳ್ಳುತ್ತಾರೆ. ಇಂದು ಈ ಕೆಲಸವನ್ನು ಗಣಕಯಂತ್ರವು ಮಾಡುವುದೂ ಉಂಟು. ನಮ್ಮ ಬಂಡೆಗಳಲ್ಲಿ ರೇಖೆಗಳು ಕೊನೆಯವರೆಗೆ ಜೊತೆಯಾಗಿ ಹೋಗುವುದು ಅಪರೂಪ. ಒಂದು ಗಂಟೆಯ ಮೇಲೆ ಅಳತೆಯ ರೇಖೆಯು ಇದ್ದಕ್ಕಿದ್ದಂತೆ ಕಡಿದಾಗಿ ಇಳಿದರೆ, ತಗ್ಗಿನ ಅಂಚು ನೀರಿಲ್ಲದ ಗಟ್ಟಿಬಂಡೆಗೆ ತಾಗಿರಬೇಕು, ಬಿರುಕು ಅಲ್ಲಿಗೆ ಮುಗಿದಿರಬೇಕು ಎಂದು ತಿಳಿಯುತ್ತಾರೆ. ರೇಖೆಯು ಇಳಿಯದೆ ಮಟ್ಟಸವಾದರೆ ಅದು ಯಾವುದೋ ಕೆರೆಯನ್ನೊ ಹಳ್ಳವನ್ನೊ ಮುಟ್ಟಿರಬಹುದು. ಆಗ ಅವರು ಪಂಪನ್ನು ಹಾಗೆಯೇ ಬಿಟ್ಟು, ಆ ಕೆರೆ ಎಲ್ಲಿದೆಯೆಂದು ಸುತ್ತ ನೋಡಲು ಹೊರಡುತ್ತಾರೆ.